ನಡೆಸು, ನಡೆಸಬೇಡಿ

ಸಂಜೆ ಲಾಂಡ್ರಿಯ ಗೇಟು ದಾಟಿದ ಕೂಡಲೇ ಹಿರಿಸೊಸೆ ಮಾಡುತ್ತಿದ್ದ ಮೊದಲ ಕೆಲಸ, ಫೋನು ತೆಗೆದು ಸೂಪರ್‌ವೈಸರ್ ಕಳಿಸಿದ ಮೆಸೇಜುಗಳನ್ನೆಲ್ಲ ಅಳಿಸುವುದು. ಕಾಲಿನ ಕೆಸರು ತೊಳೆದು ಮನೆಯೊಳಗೆ ಹೋಗುವ ಹಾಗೆ. ಒಂದನ್ನೂ ಉಳಿಸುತ್ತಿರಲಿಲ್ಲ. ಲೇ, ಎಲ್ಲಿ ಸತ್ತೆ. ಟ್ರಾಲಿ ನಿಮ್ಮಪ್ಪ ತಳ್ತಾನಾ. ಬಾಯಿ ಮುಚ್ಚಿ ಕೆಲಸ ಮಾಡು. ಎಲ್ಲ ಅಳಿಸಿ, ಪರದೆಯನ್ನು ತೋಳಿಗೆ ಒರೆಸಿ, ಆಮೇಲೆ ಬಸ್ಸಿಗೆ ನಿಲ್ಲುತ್ತಿದ್ದಳು.

ಅಳಿಸಲೇಬೇಕಿತ್ತು. ಮನೆಯಲ್ಲಿ ಕಿರಿಸೊಸೆ ಇದ್ದಳು.

ಕಿರಿಸೊಸೆಯೂ ಅದೇ ಲಾಂಡ್ರಿಯವಳು. ಇವಳು ರೋಲರಿಗೆ, ಅವಳು ಮಡಚುವ ಮೇಜಿಗೆ. ರೋಲರ್ ಎಂದರೆ ಮಂಚದುದ್ದದ ಕಾದ ಉರುಳೆಗಳು. ಆಸ್ಪತ್ರೆಗಳ, ಹೋಟೆಲುಗಳ ಒದ್ದೆ ಬೆಡ್‌ಶೀಟನ್ನು ಇತ್ತ ಕಡೆಯಿಂದ ಉಣಿಸಿದರೆ ಅತ್ತ ಕಡೆ ಕಾಗದದಂತೆ ಗರಿಗರಿಯಾಗಿ ಬೀಳುತ್ತದೆ. ಉಣಿಸುವವಳ ಮುಖಕ್ಕೆ ಹಬೆ. ಮೊಣಕೈವರೆಗೆ ಸುಟ್ಟ ಗೆರೆಗಳು, ಹಳೆಯವು ಕಪ್ಪು, ಹೊಸವು ಕೆಂಪು. ಮಧ್ಯಾಹ್ನದ ಹೊತ್ತಿಗೆ ಬಾಯೊಳಗಿನ ಉಗುಳೂ ಬಿಸಿ. ಮಡಚುವ ಮೇಜು ಕಿಟಕಿಯ ಪಕ್ಕ. ಅಲ್ಲಿ ಫ್ಯಾನಿದೆ. ಕೂರಲು ಸ್ಟೂಲಿದೆ. ಕಥೆಗಳಲ್ಲಿ ರಾಜನಿಗೆ ಇಬ್ಬರು ರಾಣಿಯರಿದ್ದರೆ ಒಬ್ಬಳಿಗೆ ಉಪ್ಪರಿಗೆ, ಇನ್ನೊಬ್ಬಳಿಗೆ ಕುದುರೆ ಲಾಯ. ಇಲ್ಲಿ ರಾಜನೇ ಇಲ್ಲ, ಆದರೂ ಉಪ್ಪರಿಗೆ ಇತ್ತು, ಲಾಯವೂ ಇತ್ತು.

ಸಂಜೆ ಚಹಾ ಕುಡಿಯುವಾಗ ಅತ್ತೆ ಕಿರಿಸೊಸೆಯನ್ನು ಕೇಳುವಳು, ಸಾಹೇಬರು ಇವತ್ತು ಏನು ಬರೆದಿದ್ದಾರೆ ಎಂದು. ಅತ್ತೆಗೆ ಓದು ಬಾರದು, ಆದರೆ ಕೇಳುವುದೆಂದರೆ ಬಾಯಿ ಸಿಹಿಯಾದಷ್ಟು ಖುಷಿ. ಕಿರಿಸೊಸೆ ಓದುವಳು. ನಾಳೆ ಸ್ವಲ್ಪ ಬೇಗ ಬರಲಿಕ್ಕಾಗುತ್ತದೆಯೇ ನೋಡಿ. ನಿಮ್ಮ ಕೆಲಸ ಅಚ್ಚುಕಟ್ಟು ಎಂದು ಹೋಟೆಲಿನವರು ಹೇಳಿದರು. ಊಟವಾಯಿತೇ. ಅತ್ತೆ ಪ್ರತಿ ಸಾಲಿಗೂ ತಲೆಯಾಡಿಸಿ, ಎಷ್ಟು ಮರ್ಯಾದೆ ನೋಡು, ಎನ್ನುವಳು. ಆಮೇಲೆ ಹಿರಿಸೊಸೆಯ ಕಡೆ ತಿರುಗಿ, ನಿನಗೇನೂ ಬರುವುದಿಲ್ಲವೇ ಎಂದು ಕೇಳುವಳು.

"ನನ್ನ ಕೆಲಸ ನಂಗೆ ಗೊತ್ತು ಅತ್ತೆ. ಬರೆದು ಹೇಳೋ ಅಗತ್ಯ ಇಲ್ಲ ಅವ್ರಿಗೆ," ಎಂದು ಹಿರಿಸೊಸೆ ಲೋಟ ತೊಳೆಯಲು ಎದ್ದುಬಿಡುವಳು. ನಲ್ಲಿಯ ಕೆಳಗೆ ಲೋಟ ಹಿಡಿದರೂ ಹೊಟ್ಟೆಯೊಳಗಿನ ಉರಿ ತಣಿಯುತ್ತಿರಲಿಲ್ಲ. ರೋಲರಿನ ಬಿಸಿಗೆ ಮುಖ ಒರೆಸಿಕೊಳ್ಳಬಹುದು. ಈ ಬಿಸಿಗೆ ಏನನ್ನು ಒರೆಸುವುದು.

ಕಾರಣ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಿರಿಸೊಸೆ ಮೇಲಿನ ಬೀದಿಯವಳು. ಮೇಲಿನ ಬೀದಿಯ ಕೊಳೆಬಟ್ಟೆ ತಲೆತಲಾಂತರದಿಂದ ಕೆಳಗಿನ ಬೀದಿಗೆ ಬಂದು ಬೆಳ್ಳಗಾಗಿ ಹೋಗುತ್ತಿತ್ತು. ಬಟ್ಟೆ ಮುಂಬಾಗಿಲಿನಿಂದ ಒಳಗೆ ಹೋಗುತ್ತಿತ್ತು, ಒಗೆದವರು ಹಿತ್ತಿಲಲ್ಲಿ ನಿಲ್ಲುತ್ತಿದ್ದರು. ಆ ಬೀದಿಯ ಹುಡುಗಿ ಈ ಮನೆಯ ಕಿರಿಯ ಮಗನನ್ನು ಮೆಚ್ಚಿ ಬಂದಳು. ತವರು ಬಾಗಿಲು ಹಾಕಿಕೊಂಡಿತು. ಅಷ್ಟಾದರೂ ಅವಳ ಮೇಲಿನ ಬೀದಿ ಅವಳನ್ನು ಬಿಟ್ಟಿರಲಿಲ್ಲ. ಸೂಪರ್‌ವೈಸರನೂ ಆ ಬೀದಿಯವನೇ. ಮೈಮೇಲೆ ಬಾಟಲಿಗಟ್ಟಲೆ ಸೆಂಟು ಸುರಿದುಕೊಳ್ಳುತ್ತಿದ್ದುದರಿಂದ ಹೆಂಗಸರು ಅವನಿಗೆ ಅತ್ತರು ಎಂದು ಹೆಸರಿಟ್ಟಿದ್ದರು. ಅತ್ತರು ಕಿರಿಸೊಸೆಗೆ ನೀವು ಎನ್ನುತ್ತಿದ್ದ. ಹಿರಿಸೊಸೆಗೆ ನೀನು, ಅದೂ ಅವನ ಮನಸ್ಸು ಚೆನ್ನಾಗಿದ್ದ ದಿನ.

ಕಿರಿಸೊಸೆ ವಯಸ್ಸಿನಲ್ಲಿ ಚಿಕ್ಕವಳು. ಕೆಲಸಕ್ಕೂ ಆಮೇಲೆ ಬಂದವಳು. ಬಂದ ಹೊಸತರಲ್ಲಿ ಬೆಡ್‌ಶೀಟಿನ ಅಂಚು ಹಿಡಿಯುವುದನ್ನು ಹೇಳಿಕೊಟ್ಟವಳು ಇದೇ ಹಿರಿಸೊಸೆ. ಆ ಅಂಚು ಈಗ ಅವಳ ಕೈಯಲ್ಲಿ ಫ್ಯಾನಿನ ಗಾಳಿಗೆ ಹಾರಾಡುತ್ತಿತ್ತು.

ಆ ದಿನ ಬೆಳಿಗ್ಗೆ ರೋಲರಿನ ಗಾರ್ಡ್ ಇರಲಿಲ್ಲ. ಗಾರ್ಡ್ ಎಂದರೆ ಉರುಳೆಗಳ ಮುಂದಿನ ಉದ್ದನೆಯ ಪಟ್ಟಿ. ಕೈ ತಾಗಿದರೆ ಸಾಕು, ಯಂತ್ರ ನಿಲ್ಲುತ್ತದೆ. ಅದರಿಂದ ಯಂತ್ರ ಸುಮ್ಮಸುಮ್ಮನೆ ನಿಲ್ಲುತ್ತಿದೆ, ಕೆಲಸ ಕೆಡುತ್ತಿದೆ ಎಂದು ಅತ್ತರು ಕೆಲವು ದಿನಗಳಿಂದ ಕೂಗಾಡುತ್ತಿದ್ದ. ಹಿರಿಸೊಸೆ ಅವನಿಗೆ ಮೆಸೇಜು ಹಾಕಿ ಕೇಳಿದಳು. ಉತ್ತರ ಬಂತು. ಓದಿದಳು. ಸ್ವಿಚ್ ಒತ್ತಿದಳು.

ಅವಳ ಪಕ್ಕದಲ್ಲಿ ಬೆಡ್‌ಶೀಟು ಉಣಿಸುತ್ತಿದ್ದವಳು ಗುಬ್ಬಜ್ಜಿ. ಗುಬ್ಬಿಯಷ್ಟೇ ಮೈ, ಗುಬ್ಬಿಯಂತೆಯೇ ಮಾತು. ಹಳೆಯ ಬೆಡ್‌ಶೀಟೊಂದರ ಹರಿದ ಅಂಚಿಗೆ ಅವಳ ಬೆರಳು ಸಿಕ್ಕಿತು. ತಡೆಯುವ ಪಟ್ಟಿ ಇರಲಿಲ್ಲ. ಬೆಡ್‌ಶೀಟು ಹೋಯಿತು. ಅದರ ಹಿಂದೆ ಕೈ ಹೋಯಿತು. ಹಿರಿಸೊಸೆ ಸ್ವಿಚ್ಚಿಗೆ ಹಾರಿದಳು. ಯಂತ್ರ ನಿಲ್ಲುವಷ್ಟರಲ್ಲಿ ಅತ್ತ ಕಡೆ ಬಿದ್ದ ಬಿಳಿಯ ಬಟ್ಟೆ ಬಿಳಿಯಾಗಿರಲಿಲ್ಲ.

ಅಂದು ಸಂಜೆಯೂ ಹಿರಿಸೊಸೆ ಗೇಟು ದಾಟಿದಳು. ತೋಳಿನ ಮೇಲೆ ಗುಬ್ಬಜ್ಜಿಯ ರಕ್ತ ಒಣಗಿತ್ತು. ಫೋನು ತೆಗೆದಳು. ಅಳಿಸಿದಳು. ಯೋಚಿಸಲಿಲ್ಲ. ಕೈಗೆ ಅಭ್ಯಾಸ.

ಕೇಸು ಅವಳ ಮೇಲೆಯೇ ಬಿತ್ತು. ಗಾರ್ಡ್ ಇಲ್ಲದ ಯಂತ್ರವನ್ನು ಬೇಕೆಂದೇ ನಡೆಸಿದಳು, ಮುದುಕಿಯ ಕೈ ಕಳೆದಳು, ತಪ್ಪು ಗೊತ್ತಾಗಬಾರದೆಂದು ಫೋನಿನ ಮೆಸೇಜು ಅಳಿಸಿದಳು. ಕಂಪನಿಯವರು ಅತ್ತರಿನ ಫೋನಿನ ಪರದೆಯದೆಂದು ಒಂದು ಚಿತ್ರ ತೆಗೆಸಿ ಪೊಲೀಸರಿಗೆ ಕೊಟ್ಟಿದ್ದರು. ಮೇಲುಗಡೆ ಹಿರಿಸೊಸೆಯ ಹೆಸರು. ಕೆಳಗೆ ಒಂದು ಸಾಲು. ಗಾರ್ಡ್ ಬಿಚ್ಚಿದೆ, ಯಾರು ಹೇಳಿದರೂ ರೋಲರ್ ನಡೆಸಬೇಡಿ.

ಬಡವರ ಕೇಸು ನೋಡಲು ಸರ್ಕಾರ ಕೊಟ್ಟ ವಕೀಲೆ ಆ ಕಾಗದವನ್ನು ಮೇಜಿನ ಮೇಲೆ ಹರಡಿ ಓದಿದಾಗ ಹಿರಿಸೊಸೆಗೆ ನಗು ಬಂತು. ಜಾಮೀನಿನ ಮೇಲೆ ಹೊರಗಿದ್ದು, ಜೈಲು ಎದುರಿಗಿರುವಾಗಲೂ ನಗುವವಳನ್ನು ವಕೀಲೆ ಮೊದಲ ಸಲ ನೋಡುತ್ತಿದ್ದಳು.

"ಅವನು ನಂಗೆ ಯಾವತ್ತೂ 'ಬೇಡಿ' ಅಂದವನಲ್ಲ ಮೇಡಂ," ಎಂದಳು ಹಿರಿಸೊಸೆ. "ನಂಗೆ 'ಬೇಡ' ಅಷ್ಟೆ. ಆ 'ಡಿ' ನಂದಲ್ಲ."

ವಕೀಲೆ ನಗಲಿಲ್ಲ. ಆ ಅಕ್ಷರವನ್ನು ಪೆನ್ಸಿಲಿನಿಂದ ಸುತ್ತಿದಳು. ಇದು ನನಗೆ ಅರ್ಥವಾಗುತ್ತದೆ, ಆದರೆ ಒಂದು ಅಕ್ಷರ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಲಾಗದು, ನಿಜವಾದ ಮೆಸೇಜು ಬೇಕು ಎಂದಳು. ಆಮೇಲೆ ಯಾಕೆ ಅಳಿಸಿದಿರಿ ಎಂದು ಕೇಳಿದಳು. ಹಿರಿಸೊಸೆ ಫೋನಿನಲ್ಲಿ ಜಾಗವಿರಲಿಲ್ಲ ಎಂದಳು. ವಕೀಲೆ ಪೆನ್ಸಿಲು ಕೆಳಗಿಟ್ಟಳು. ಹಿರಿಸೊಸೆ ನೆಲ ನೋಡಿಕೊಂಡು ಹೇಳಿದಳು, "ಮನೇಲಿ ಯಾರಾದ್ರೂ ಓದಿಬಿಟ್ರೆ ಅಂತ. ಓರಗಿತ್ತಿ ಕಣ್ಣಿಗೆ ಬಿದ್ರೆ ಅಂತ."

ವಕೀಲೆ ಕೋರ್ಟಿಗೆ ಅರ್ಜಿ ಹಾಕಿದಳು. ಫೋನು ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿನ ತಜ್ಞ ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ಅಳಿಸುವುದೆಂದರೆ ಸುಟ್ಟುಹಾಕುವುದಲ್ಲ ಎಂದು ವಿವರಿಸಿದ. ಆ ಜಾಗ ಖಾಲಿ ಎಂದು ಫೋನು ಬರೆದಿಟ್ಟುಕೊಳ್ಳುತ್ತದೆ ಅಷ್ಟೆ. ಹೊಸದೇನಾದರೂ ಬಂದು ಅದರ ಮೇಲೆ ಕೂರುವವರೆಗೆ ಹಳೆಯದು ಒಳಗೇ ಬಿದ್ದಿರುತ್ತದೆ. ಹಿರಿಸೊಸೆಗೆ ತಟ್ಟನೆ ತಿಳಿಯಿತು. ಒಗೆದರೂ ಹೋಗದೆ, ಇಸ್ತ್ರಿಯ ಬಿಸಿ ತಾಕಿದೊಡನೆ ಮತ್ತೆ ಎದ್ದು ಬರುವ ಕಲೆಗಳನ್ನು ಅವಳು ದಿನಾ ನೋಡುತ್ತಿದ್ದಳು.

ಎಲ್ಲ ಸಿಗಲಿಲ್ಲ. ಸಿಕ್ಕಿದ್ದು ಸಾಕಿತ್ತು. ತಜ್ಞ ಪರದೆಯನ್ನು ವಕೀಲೆಯ ಕಡೆ ತಿರುಗಿಸಿ ತಾನು ಕಿಟಕಿಯಾಚೆ ನೋಡಿದ. ಆ ಬೆಳಗಿನದೂ ಅಲ್ಲಿತ್ತು. ಸಾರ್ ಗಾರ್ಡ್ ಇಲ್ಲ, ನಿಲ್ಲಿಸಲಾ, ಎಂದು ಅವಳು ಕೇಳಿದ್ದಳು. ಅದರ ಕೆಳಗೆ ಅವನು ಬರೆದಿದ್ದ. ಲೇ, ಅದು ನಿಂಗ್ಯಾಕೆ. ಬಾಯಿ ಮುಚ್ಕೊಂಡು ನಡೆಸು.

ಗೆದ್ದೆವು ಎಂದುಕೊಂಡಳು ಹಿರಿಸೊಸೆ. ವಕೀಲೆ ಇಲ್ಲವೆಂದು ತಲೆಯಾಡಿಸಿದಳು. ಕಂಪನಿಯವರ ಚಿತ್ರ ಕಡತದಲ್ಲಿದೆ. ಮೊದಲು ಬೈದೆ, ಆಮೇಲೆ ತಪ್ಪು ತಿಳಿದು ಬೇಡಿ ಎಂದೆ, ಅದು ಅವಳ ಫೋನಿನಲ್ಲಿ ಸಿಗಲಿಲ್ಲ ಅಷ್ಟೆ, ಎಂದು ಅವನು ಹೇಳುತ್ತಾನೆ. ಆ ಸಾಲು ಎಲ್ಲಿಂದ ಬಂತು ಎನ್ನುವುದು ಗೊತ್ತಾಗಬೇಕು. ತಜ್ಞ ಕನ್ನಡಕ ಒರೆಸಿಕೊಳ್ಳುತ್ತಾ, ಮೇಲಿರುವ ಹೆಸರು ಫೋನಿನ ಯಜಮಾನ ಬರೆದುಕೊಂಡ ಹೆಸರು, ಯಾರ ನಂಬರಿಗೆ ಯಾರ ಹೆಸರನ್ನಾದರೂ ಇಡಬಹುದು ಎಂದ.

ಅಷ್ಟು ಹೇಳಿದ್ದೇ ತಡ, ಹಿರಿಸೊಸೆ ಕಂಪನಿಯ ಕಾಗದವನ್ನು ಕೈಗೆತ್ತಿಕೊಂಡಳು. ಆ 'ಡಿ' ಯಾರದೆಂದು ಗೊತ್ತಾಯಿತು. ಆ ಲಾಂಡ್ರಿಯಲ್ಲಿ ಅದು ಒಬ್ಬಳಿಗೇ ಬರುತ್ತಿತ್ತು.

ಅವಳು ಮನೆಗೆ ಹೋದಾಗ ಕಿರಿಸೊಸೆ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಹಿರಿಸೊಸೆ ಕೂರಲಿಲ್ಲ. ಕಾಗದವನ್ನು ಅವಳ ಮುಖದ ಮುಂದೆ ಹಿಡಿದಳು.

"ಇದು ನಿಂಗೆ ಬಂದಿದ್ದು ಅಲ್ವಾ?"

ಕಿರಿಸೊಸೆ ಓದಿದಳು. ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು.

"ಹೌದಕ್ಕ. ಇದಕ್ಕೆ ಮೊದ್ಲು ಇನ್ನೊಂದು ಸಾಲು ಇತ್ತು. ನೀವು ಇವತ್ತು ಮೇಜು ಬಿಟ್ಟು ಏಳಬೇಡಿ ಅಂತ."

"ಎಲ್ಲಿ ಅದು?"

"ಅಳಿಸ್ದೆ. ಅಜ್ಜಿನ ಆಸ್ಪತ್ರೆಗೆ ಹೊತ್ಕೊಂಡು ಹೋದ ಮೇಲೆ ನೋಡೋಕಾಗ್ಲಿಲ್ಲ ಅದನ್ನ."

"ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳೋಕೆ ಬಂದೆ," ಎಂದಳು ಕಿರಿಸೊಸೆ. ಸೋಪಿನ ಕೈಯನ್ನು ಮೊಣಕಾಲಿಗೆ ಒತ್ತಿ ಎದ್ದು ನಿಂತಳು. "ಫೋನ್ ಹಿಡ್ಕೊಂಡು ರೋಲರ್ ಹತ್ರ ಬಂದೆ. ನೀನೇನಂದೆ? ನಿನ್ನ ಸಾಹೇಬ್ರ ಓಲೆ ನಂಗೆ ಓದ್ಬೇಡ ತಾಯಿ, ಹೋಗಿ ಫ್ಯಾನ್ ಕೆಳಗೆ ಕೂತ್ಕೊ ಅಂದೆ. ಎಲ್ಲರೂ ನಕ್ರು. ನಂಗೂ ರೋಷ ಬಂತು. ಹೋಗಿ ಕೂತೆ. ಆಮೇಲೆ ಅಜ್ಜಿ ಕೂಗಿದ್ದು ಕೇಳಿಸ್ತು."

ಹಿರಿಸೊಸೆಗೆ ನೆನಪಾಯಿತು. ಅಂದಿದ್ದು ನಿಜ. ನಕ್ಕವರಲ್ಲಿ ಗುಬ್ಬಜ್ಜಿಯೂ ಇದ್ದಳು.

ಅವಳು ನಲ್ಲಿ ನಿಲ್ಲಿಸಿದಳು. "ಗಾರ್ಡ್ ಇಲ್ಲ ಅಂತ ನಂಗೆ ಗೊತ್ತಿತ್ತು. ಅಪಾಯ ಅಂತ ಅವನಿಗೆ ಗೊತ್ತಿತ್ತು ಅನ್ನೋದು ಗೊತ್ತಿರ್ಲಿಲ್ಲ. ಬರೀ ಬೈಗುಳ ಅಂದ್ಕೊಂಡೆ. ಇಲ್ಲಿ ನೋಡಿದ್ರೆ ಲೆಕ್ಕ ಹಾಕಿದಾನೆ. ನಿನ್ನ ಕೈ ಬೇಡ, ನಮ್ಮ ಕೈ ಆದ್ರೆ ಪರವಾಗಿಲ್ಲ ಅಂತ."

"ಆ 'ನೀವು' ನಂಗಲ್ಲ ಅಕ್ಕ. ನಮ್ಮಪ್ಪನ ಮನೆ ಬಾಗಿಲಿಗೆ. ಆ ಬಾಗಿಲು ನಂಗೂ ಹಾಕಿದೆ."

"ಹಾಕಿದ್ರೂ ಕೈ ಉಳೀತಲ್ಲ ನಿಂದು."

ಕಿರಿಸೊಸೆಯ ಮುಖ ಕಪ್ಪಿಟ್ಟಿತು. ಅವಳು ಅಳಲಿಲ್ಲ. ಅತ್ತಿದ್ದರೆ ಹಿರಿಸೊಸೆ ಇನ್ನೊಂದು ಮಾತು ಚುಚ್ಚುತ್ತಿದ್ದಳು. ಕಿರಿಸೊಸೆ ಒಳಗೆ ಹೋಗಿ ತನ್ನ ಫೋನನ್ನು ತಂದು ಒಗೆಯುವ ಕಲ್ಲಿನ ಮೇಲಿಟ್ಟಳು. ತವರಿನಿಂದ ಅಮ್ಮ ಈಚೆಗೆ ಕದ್ದುಮುಚ್ಚಿ ಫೋನು ಮಾಡಲು ಶುರುಮಾಡಿದ್ದಳು. ಈ ಫೋನು ಕೋರ್ಟಿಗೆ ಹೋದರೆ ಮೇಲಿನ ಬೀದಿಗೆಲ್ಲ ಸುದ್ದಿ. ಅಮ್ಮನ ದನಿ ಮತ್ತೆ ಕೇಳುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಹಿರಿಸೊಸೆ ಫೋನು ಎತ್ತಿಕೊಂಡಳು. ಥ್ಯಾಂಕ್ಸ್ ಎನ್ನಲಿಲ್ಲ. ಕೊಡುವಾಗಲೂ ಇವಳದೇ ಮೇಲುಗೈ ಎನಿಸಿ ಅವಳ ಹೊಟ್ಟೆ ಇನ್ನೊಂದು ಸಲ ಉರಿಯಿತು.

ಎರಡನೆಯ ಫೋನೂ ಪ್ರಯೋಗಾಲಯಕ್ಕೆ ಹೋಗಿದೆ ಎಂಬುದು ಅತ್ತರಿಗೆ ಹೇಗೋ ತಿಳಿಯಿತು. ಒಂದು ಮಧ್ಯಾಹ್ನ ಅವನು ಮನೆಗೇ ಬಂದ. ಕೆಳಗಿನ ಬೀದಿಯ ಆ ಮನೆಯ ಹೊಸ್ತಿಲಿಗೆ ಮೇಲಿನ ಬೀದಿಯ ಗಂಡಸಿನ ಕಾಲು ಬಿದ್ದದ್ದು ಅದೇ ಮೊದಲು. ಅತ್ತೆ ಕುರ್ಚಿಯನ್ನು ಒರೆಸಿದ್ದೂ ಒರೆಸಿದ್ದೇ. ಮನೆಯೆಲ್ಲ ಸೆಂಟಿನ ವಾಸನೆ. ಕಿರಿಸೊಸೆ ಕೆಲಸಕ್ಕೆ ಹೋಗಿದ್ದಳು. ಅವನು ಅದನ್ನು ತಿಳಿದೇ ಬಂದಿದ್ದ.

ಅವನು ಹಿರಿಸೊಸೆಯ ಕಡೆ ತಿರುಗಿ ಹೇಳಿದ, "ನೀವು ಕೂತ್ಕೊಳ್ಳಿ."

ಅವಳ ಮೈಯೆಲ್ಲ ಜುಮ್ಮೆಂದಿತು. ಅದನ್ನು ಅವಳು ಮುಚ್ಚಿಡಲಾರಳು. ಎಷ್ಟೋ ಸಂಜೆಗಳಲ್ಲಿ ಬೇರೆಯವಳ ಫೋನಿನಿಂದ ಕೇಳಿ ಕೇಳಿ ಹೊಟ್ಟೆ ಸುಟ್ಟುಕೊಂಡಿದ್ದ ಮಾತು. ಈಗ ಅದು ಅವಳ ಮನೆಗೆ, ಅವಳ ಹೆಸರಿಗೆ ಬಂದಿತ್ತು. ಹಸಿದವಳ ಮುಂದೆ ತಟ್ಟೆ ಬಂದ ಹಾಗೆ ಬಾಯಲ್ಲಿ ನೀರು ಬಂತು. ಅತ್ತೆ ಅವಳನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ಅದನ್ನೂ ಅವಳು ಕಂಡಳು.

ಅತ್ತರು ನಿಧಾನವಾಗಿ ಮಾತಾಡಿದ. ಯಂತ್ರ ನಡೆಸಿದ್ದು ನನ್ನದೇ ತಪ್ಪು ಎಂದು ನೀವು ಕೋರ್ಟಿನಲ್ಲಿ ಒಪ್ಪಿಕೊಂಡುಬಿಡಿ. ದಂಡದಲ್ಲಿ ಮುಗಿಯುತ್ತದೆ, ಅದನ್ನು ಕಂಪನಿ ನೋಡಿಕೊಳ್ಳುತ್ತದೆ. ಜೈಲಿಲ್ಲ. ಆಮೇಲೆ ಅವನು ದನಿ ತಗ್ಗಿಸಿದ. "ಮಡಚೋ ಮೇಜು ನಿಮಗೇ. ನಿಮ್ಮ ಓರಗಿತ್ತೀನ ರೋಲರಿಗೆ ಹಾಕ್ತೀನಿ. ನಿಮಗೂ ಅದು ಬೇಕಲ್ವಾ. ನಾನು ನೋಡಿಲ್ವಾ ನಿಮ್ಮ ಕಣ್ಣನ್ನ."

ಅವನು ನೋಡಿದ್ದ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಗಾರ್ಡ್ ಇಲ್ಲದ ಯಂತ್ರ ಕಾಣದ, ಗುಬ್ಬಜ್ಜಿಯ ಬೆರಳು ಕಾಣದ ಆ ಕಣ್ಣಿಗೆ ಅವಳ ಹೊಟ್ಟೆಕಿಚ್ಚು ಮಾತ್ರ ಕಂಡಿತ್ತು. ಕಂಡು, ಅದನ್ನು ಹಿಡಿಕೆ ಮಾಡಿಕೊಂಡು ಎತ್ತಲು ಬಂದಿದ್ದ. ಕಿರಿಸೊಸೆ ರೋಲರಿನ ಮುಂದೆ ನಿಂತಿರುವುದನ್ನು ಅವಳು ಎಷ್ಟು ಸಲ ಕನಸಿನಲ್ಲಿ ಕಂಡಿದ್ದಳೋ. ಮೆತ್ತನೆಯ ತೋಳಿಗೆ ಮೊದಲ ಸುಟ್ಟ ಗೆರೆ. ಆ ಕನಸನ್ನು ಈಗ ಇವನು ಹೊರಗೆಳೆದು, ಸೆಂಟು ಹೊಡೆದು, ತಟ್ಟೆಯಲ್ಲಿಟ್ಟು ಕೊಡುತ್ತಿದ್ದ.

ಅವಳು ಕೂರಲಿಲ್ಲ.

"ನಂಗೆ ನೀನು ಅಂತಾನೇ ಅನ್ನಿ ಸಾರ್," ಎಂದಳು. "ಕೋರ್ಟಿಗೆ ಅದೇ ಬೇಕಂತೆ."

ಅತ್ತರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಕಿವಿ ಕೆಂಪಾಯಿತು. ಅವನು ಎದ್ದ. ಯೋಚನೆ ಮಾಡಿ ಎಂದ. ಹೊಸ್ತಿಲು ದಾಟುವಾಗ ಪ್ಯಾಂಟಿನ ತುದಿಯನ್ನು ಸ್ವಲ್ಪ ಎತ್ತಿ ಹಿಡಿದುಕೊಂಡ. ಅವನು ಹೋದ ಮೇಲೆ ಅತ್ತೆ ಬೈದಳು. ಮನೆ ಬಾಗಿಲಿಗೆ ಬಂದ ಮರ್ಯಾದೆಯನ್ನು ಒದ್ದು ಕಳಿಸಿದೆ, ಈ ಜನ್ಮದಲ್ಲಿ ಅದು ತಿರುಗಿ ಬರುವುದಿಲ್ಲ ಎಂದಳು. ಹಿರಿಸೊಸೆ ಕಿಟಕಿ ತೆರೆದಳು. ವಾಸನೆ ಹೋಗಬೇಕಿತ್ತು.

ಕೋರ್ಟಿನ ಕೋಣೆ ಚಿಕ್ಕದು. ಬೆಂಚುಗಳು ಸವೆದು ನುಣುಪಾಗಿದ್ದವು. ಅತ್ತೆ ಬಂದಿದ್ದಳು, ಗಂಡ ಬಂದಿದ್ದ, ಲಾಂಡ್ರಿಯ ಹೆಂಗಸರು ಬಂದಿದ್ದರು. ಗುಬ್ಬಜ್ಜಿ ಬ್ಯಾಂಡೇಜಿನ ಕೈಯನ್ನು ಮಗುವಿನಂತೆ ಎದೆಗವುಚಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದಳು. ಕಿರಿಸೊಸೆ ಗೋಡೆಗೆ ಒರಗಿ ಒಬ್ಬಳೇ ನಿಂತಿದ್ದಳು. ಅವಳ ಕೆಲಸ ಆಗಲೇ ಹೋಗಿತ್ತು.

ಅತ್ತರು ಕಟಕಟೆ ಹತ್ತಿ ಹೇಳಿದ, ತಾನು ಎಲ್ಲ ಕೆಲಸಗಾರರೊಂದಿಗೂ ಒಂದೇ ರೀತಿ, ಗೌರವದಿಂದಲೇ ಮಾತಾಡುವುದೆಂದು. ವಕೀಲೆ ಅದನ್ನು ಎರಡು ಸಲ ಕೇಳಿ ಎರಡು ಸಲ ಹೇಳಿಸಿದಳು. ಆಮೇಲೆ ತಜ್ಞ ಬಂದ. ಕಂಪನಿಯ ಚಿತ್ರದಲ್ಲಿರುವ ಸಾಲು ಹಿರಿಸೊಸೆಯ ಫೋನಿಗೆ ಬಂದೇ ಇಲ್ಲ, ಅದು ಕಿರಿಸೊಸೆಯ ಫೋನಿಗೆ ಬಂದದ್ದು, ಅದರ ಮುಂಚಿನ ಸಾಲೂ ಸಿಕ್ಕಿದೆ ಎಂದ. ಎದುರು ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನ್ಯಾಯಾಧೀಶರು ಅತ್ತರಿಗೆ, ನೀವು ಇಲ್ಲಿಯೇ ಇರಿ, ಹೊರಗೆ ಹೋಗಬೇಡಿ ಎಂದರು. ಸಿಕ್ಕಿದ ಮೆಸೇಜುಗಳನ್ನು ಓದಲು ಗುಮಾಸ್ತನಿಗೆ ಹೇಳಿದರು.

ಗುಮಾಸ್ತ ಮರ್ಯಾದಸ್ಥ. ಮೊದಲು ಕಿರಿಸೊಸೆಗೆ ಬಂದದ್ದನ್ನು ಓದಿದ. ನೀವು ಇವತ್ತು ಮೇಜು ಬಿಟ್ಟು ಏಳಬೇಡಿ. ಆ ದನಿಯಲ್ಲಿ ಅದು ಇನ್ನೂ ಮೆತ್ತಗೆ ಕೇಳಿಸಿತು. ಅಲ್ಲಿ, ಆ ಹೊತ್ತಿನಲ್ಲೂ ಹಿರಿಸೊಸೆಯ ಹೊಟ್ಟೆ ಚುರ್ರೆಂದಿತು. ಆಮೇಲೆ ಅವನು ಹಿರಿಸೊಸೆಯದಕ್ಕೆ ಬಂದ. ಹಾಳೆ ನೋಡಿದ, ತಡವರಿಸಿದ, ಗಂಟಲು ಸರಿಮಾಡಿಕೊಂಡ. ಹೆಂಗಸರು ಕೂತ ಕೋಣೆಯಲ್ಲಿ ಆ ಮಾತು ಅವನ ಬಾಯಿಂದ ಹೊರಡಲಿಲ್ಲ.

"ಅದು ನಿಮಗೆ ಯಾಕೆ, ಸುಮ್ಮನೆ ನಡೆಸಿ," ಎಂದು ಓದಿದ.

ಹಿರಿಸೊಸೆ ಎದ್ದು ನಿಂತಳು. ವಕೀಲೆ ಅವಳ ತೋಳು ಹಿಡಿದೆಳೆದಳು. ಅವಳು ಬಿಡಿಸಿಕೊಂಡಳು.

"ಸ್ವಾಮಿ, ಅವರು ಹಾಗಂದಿಲ್ಲ. ಇಷ್ಟು ದಿನ ನಾನೇ ಅಳಿಸ್ತಿದ್ದೆ. ಈಗ ನೀವು ಅಳಿಸ್ಬೇಡಿ. ಇದ್ದ ಹಾಗೇ ಓದಿ. ಲೇ ಅಂತಾನೂ ಓದಿ."

ನ್ಯಾಯಾಧೀಶರು ಗುಮಾಸ್ತನ ಕಡೆ ನೋಡಿ ತಲೆಯಾಡಿಸಿದರು.

ಗುಮಾಸ್ತ ಓದಿದ. ಲೇ, ಅದು ನಿಂಗ್ಯಾಕೆ. ಬಾಯಿ ಮುಚ್ಕೊಂಡು ನಡೆಸು. ಅದಕ್ಕೆ ಹಿಂದಿನದನ್ನು ಓದಿದ. ಎಲ್ಲಿ ಸತ್ತೆ. ಅದಕ್ಕೂ ಹಿಂದಿನದು. ನಿಮ್ಮಪ್ಪ ತಳ್ತಾನಾ. ಒಂದೊಂದಾಗಿ ಹಾಳೆ ತಿರುವಿದ. ಗಂಡ ಮುಖ ಮುಚ್ಚಿಕೊಂಡ. ಅತ್ತೆ ಬಾಯಿ ತೆರೆದವಳು ಮುಚ್ಚಲಿಲ್ಲ. ಲಾಂಡ್ರಿಯ ಹೆಂಗಸರಲ್ಲಿ ಒಬ್ಬೊಬ್ಬರೇ ತಮ್ಮ ತಮ್ಮ ಫೋನನ್ನು ಕೈಗೆ ತೆಗೆದುಕೊಂಡು, ನೋಡದೆ, ಸುಮ್ಮನೆ ಹಿಡಿದು ಕೂತರು. ಅತ್ತರು ತನ್ನ ಬೂಟುಗಳನ್ನು ನೋಡುತ್ತಿದ್ದ. ಹಿರಿಸೊಸೆ ಕೂರಲಿಲ್ಲ. ಪ್ರತಿ ಸಾಲನ್ನೂ ನಿಂತೇ ಕೇಳಿದಳು.

ಓದು ಮುಗಿಯಿತು. ನ್ಯಾಯಾಧೀಶರು ಲೇಖನಿ ಎತ್ತಿಕೊಂಡು ಕೇಳಿದರು, "ಈ ಸಂದೇಶಗಳು ಬಂದದ್ದು ನಿಮಗೇನಾ?"

"ನಂಗೇ," ಎಂದಳು ಹಿರಿಸೊಸೆ. "ಒಂದೊಂದೂ ನಂಗೇ ಬಂದಿದ್ದು. ಬರ್ಕೊಳ್ಳಿ."